ಮಾವನವರು ಜೀಪಿನ ಜೊತೆ ಮಾತಾಡುತ್ತಿದ್ದರು

ನಮ್ಮ ಹಾವೇರಿ ಕಡೆಯ ಮನೆಗಳಲ್ಲಿ ಆಗ ಮಾವ ಸೊಸೆ ಎದುರಾಬದುರು ಮಾತಾಡುತ್ತಿರಲಿಲ್ಲ. ಮುನಿಸಿಕೊಂಡು ಅಲ್ಲ, ಮರ್ಯಾದೆಗೆ. ನಾನು ತಲೆಯ ಮೇಲೆ ಸೆರಗು ಹೊದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರೆ, ಮಾವನವರು ಪಡಸಾಲೆಯಿಂದ ಅತ್ತೆಗೆ ಹೇಳುತ್ತಿದ್ದರು, "ಚಾ ಆಗೇತೇನು ಕೇಳು." ನಾನು ಅಲ್ಲೇ, ಒಂದು ಮಾರು ದೂರದಲ್ಲಿ, ಎರಡೂ ಕಿವಿಯಿಂದ ಕೇಳಿಸಿಕೊಂಡಿರುತ್ತಿದ್ದೆ. ಆದರೂ ಅತ್ತೆ ಅದನ್ನು ನನಗೆ ದಾಟಿಸಬೇಕು, ನಾನು ಅತ್ತೆಗೆ ಉತ್ತರ ಕೊಡಬೇಕು, ಅತ್ತೆ ಅದನ್ನು ತಿರುಗಿ ಅವರಿಗೆ ಮುಟ್ಟಿಸಬೇಕು. ಅಷ್ಟರಲ್ಲಿ ಚಹಾ ಆರಿ ಹೋಗಿರುತ್ತಿತ್ತು.

ಅತ್ತೆ ತೀರಿಕೊಂಡ ಮೇಲೆ ಮಾವನವರು ಬೆಂಗಳೂರಿನ ಪೀಣ್ಯದ ನಮ್ಮ ಮನೆಗೆ ಬಂದರು. ನಡುವಿನ ಕೆಲಸ ನಮ್ಮ ಯಜಮಾನರ ಹೆಗಲಿಗೆ ಬಿತ್ತು. ಆದರೆ ಅವರು ಬೆಳಿಗ್ಗೆ ಶೆಡ್ಡಿಗೆ ಹೋದರೆ ಬರುವುದು ದೀಪ ಹಚ್ಚಿದ ಮೇಲೆ. ಹಗಲೆಲ್ಲ ಮನೆಯಲ್ಲಿ ನಾವಿಬ್ಬರೇ. ಮಾವನವರು ಗೋಡೆಯ ಗಡಿಯಾರಕ್ಕೆ ಹೇಳತೊಡಗಿದರು. "ಬಿಸಲು ಭಾಳ ಆಗೇತಿ, ಮಜ್ಜಿಗಿ ಇದ್ದರ ಛಲೋ" ಎಂದು ಗಡಿಯಾರಕ್ಕೆ ಹೇಳಿದರೆ, ನಾನು ಮಜ್ಜಿಗೆ ತಂದು ಗಡಿಯಾರದ ಕೆಳಗಿದ್ದ ಸ್ಟೂಲಿನ ಮೇಲೆ ಇಟ್ಟು ಹೋಗುತ್ತಿದ್ದೆ. ಹೊರಗಿನವರು ನೋಡಿದ್ದರೆ ಇಬ್ಬರಿಗೂ ತಲೆ ಕೆಟ್ಟಿದೆ ಎನ್ನುತ್ತಿದ್ದರು. ನಮಗೆ ಅದು ಸರಾಗವಾಗಿತ್ತು.

ಮಾವನವರು ಜೀವಮಾನವೆಲ್ಲ ಸರ್ಕಾರಿ ಬಸ್ಸು ಓಡಿಸಿದವರು. ನಿವೃತ್ತರಾದ ಮೇಲೆ ಲಕ್ವ ಹೊಡೆಯಿತು. ಕಾಲು ಸರಿಹೋಯಿತು, ಮಾತು ಸರಿಹೋಯಿತು, ಎಡಗೈ ಮಾತ್ರ ಸರಿಹೋಗಲಿಲ್ಲ. ಬೆರಳು ಮಡಚಲು ಬರುತ್ತಿರಲಿಲ್ಲ. ಎಲ್ಲಾ ಮಾಡಬಹುದು, ಗಾಡಿ ಓಡಿಸುವುದು ಮಾತ್ರ ಬೇಡ ಎಂದು ಡಾಕ್ಟರು ಹೇಳಿದರು. ಅವರ ಪಾಲಿಗೆ ಉಳಿದದ್ದೆಲ್ಲ ಇದ್ದೂ ಇಲ್ಲದ ಹಾಗೆ. ಬಸ್ಸು ಹೋದ ಸದ್ದಿಗೆ ಕಿಟಕಿಗೆ ಬಂದು ನಿಲ್ಲುತ್ತಿದ್ದರು, ಅದು ತಿರುವಿನಲ್ಲಿ ಮರೆಯಾದ ಮೇಲೂ ನಿಂತಿರುತ್ತಿದ್ದರು. ನನಗೆ ಅದನ್ನು ನೋಡಲು ಆಗುತ್ತಿರಲಿಲ್ಲ, ಏನಾದರೂ ಹುರಿಯುವ ನೆವ ಮಾಡಿ ಒಳಗೆ ಹೋಗಿಬಿಡುತ್ತಿದ್ದೆ.

ನಮ್ಮ ಯಜಮಾನರದು ಫೈಬರ್ ಗ್ಲಾಸಿನ ನೀರಿನ ಟ್ಯಾಂಕ್ ಮಾಡುವ ಶೆಡ್ಡು. ಸಂಜೆ ಮನೆಗೆ ಬಂದರೆ ಅಂಗಿಯಿಂದ ಉದುರುವ ಪುಡಿಗೆ ನನ್ನ ಕೈಯೆಲ್ಲ ತುರಿಸುತ್ತಿತ್ತು. ವರ್ತೂರು ಕೆರೆಯಲ್ಲಿ ಮೀನಿನ ಗುತ್ತಿಗೆ ಹಿಡಿದಿದ್ದ ಒಬ್ಬರು ಮೀನಿನ ಮರಿ ಬಿಡಲು ತೊಟ್ಟಿ ಬೇಕೆಂದು ಶೆಡ್ಡಿಗೆ ಬಂದಿದ್ದರಂತೆ. ಹೋಗುವಾಗ ಸುಮ್ಮನೆ ಕೇಳಿದರಂತೆ, "ದೋಣಿ ಏನಾರ ಮಾಡ್ತೀರಾ ಸಾರ್?" ನಮ್ಮವರಿಗೆ ಇಲ್ಲ ಅನ್ನುವ ಪದವೇ ಬಾಯಿಗೆ ಬರುವುದಿಲ್ಲ. ಅದುವರೆಗೆ ಅವರು ದೋಣಿಯನ್ನು ಕ್ಯಾಲೆಂಡರಿನಲ್ಲಿ ಬಿಟ್ಟರೆ ಹತ್ತಿರದಿಂದ ನೋಡಿದ್ದು ಕಡಿಮೆ. ಆದರೂ ಮಾಡಿದರು. ತಿಳಿ ನೀಲಿ ಬಣ್ಣದ, ಆರು ಜನ ಕೂರುವ ದೋಣಿ. ಅದನ್ನು ಮಾದರಿಯಾಗಿ ಇಟ್ಟುಕೊಂಡು ಊರ ಸುತ್ತಲ ಕೆರೆಗಳಿಗೆಲ್ಲ ಒಯ್ದು ತೋರಿಸುವುದು, ಆರ್ಡರು ಹಿಡಿಯುವುದು ಅವರ ಲೆಕ್ಕಾಚಾರ.

ಒಯ್ಯಲು ಗಾಡಿ ಬೇಕಲ್ಲ. ಮೊದಲು ತಂದದ್ದು ಒಂದು ಶಾಲೆಯವರು ಮಾರಿದ ಡೀಸೆಲ್ ವ್ಯಾನು. ಒಳಗೆಲ್ಲ ಮಕ್ಕಳ ಡಬ್ಬಿಯ ಚಿತ್ರಾನ್ನದ ವಾಸನೆ. ಖಾಲಿ ಇದ್ದಾಗ ಚೆನ್ನಾಗಿಯೇ ಓಡುತ್ತಿತ್ತು, ಹಿಂದೆ ದೋಣಿ ಕಟ್ಟಿದರೆ ಹೆಬ್ಬಾಳದ ಏರಿನಲ್ಲಿ ಉಸ್ಸೆಂದು ಕೂತುಬಿಡುತ್ತಿತ್ತು. ಅದನ್ನು ಸಾಗಹಾಕಿ ತರಕಾರಿ ವ್ಯಾಪಾರಿಯೊಬ್ಬರ ಪಿಕಪ್ ತಂದರು. ಅದಕ್ಕೆ ಶಕ್ತಿಯಿತ್ತು, ಮೈ ಇರಲಿಲ್ಲ. ಕೆಳಗಿನ ಚೌಕಟ್ಟು ತುಕ್ಕು ಹಿಡಿದಿತ್ತು, ಬಣ್ಣ ಬಳಿದು ಮುಚ್ಚಿದ್ದರು. ದೋಣಿಯ ಟ್ರೇಲರನ್ನು ಒಮ್ಮೆ ಎಳೆದದ್ದೇ ತಡ, ಕೊಂಡಿ ಹಾಕಿದ ಕಬ್ಬಿಣವೇ ಹಪ್ಪಳದ ಹಾಗೆ ಮುರಿದು ಬಂತು. ಗಾಡಿ ಮುಂದೆ ಹೋಯಿತು, ದೋಣಿ ಪೀಣ್ಯದ ರಸ್ತೆಯಲ್ಲೇ ನಿಂತಿತು. ಮಾವನವರು ಮಗನಿಗೆ ಹೇಳಿದರು, "ಮುಂದಿನ ಗಾಡಿ ತರುವಾಗ ನನ್ನ ಕರಕೊಂಡು ಹೋಗು."

ಹಾಗೆ ಮೂವರೂ ಅತ್ತಿಬೆಲೆಗೆ ಹೋದೆವು. ಅಲ್ಲಿ ಹಳೆಯ ಗಾಡಿ ಮಾರುವವರ ಅಂಗಳದಲ್ಲಿ ಮಿಲಿಟರಿಯವರು ಹರಾಜು ಹಾಕಿದ ಒಂದು ಜೀಪಿತ್ತು. ಬಾಗಿಲಿಲ್ಲ, ಮೇಲೆ ಹರಿದ ಟಾರ್ಪಾಲು. ಮಾರುವವರು ಹೊಸ ಬಣ್ಣ, ಹೊಸ ಸೀಟು ಎಂದು ವರ್ಣಿಸುತ್ತಿದ್ದರೆ ಮಾವನವರು ಬಾನೆಟ್ ಎತ್ತಿಸಿ, ಶುರು ಮಾಡಿಸಿ, ಕಣ್ಣು ಮುಚ್ಚಿ ನಿಂತರು. ಎಂಜಿನ್ನಿನ ಸದ್ದಿಗೆ ಕಿವಿ ಕೊಟ್ಟಿದ್ದರು. ಕಣ್ಣು ಬಿಟ್ಟು, "ಇದು ಸುಳ್ಳು ಹೇಳೂ ಗಾಡಿ ಅಲ್ಲ" ಎಂದರು. ಮಾರುವವರು ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಮಾವನವರು ಜೇಬಿನ ಪುಟ್ಟ ಡಬ್ಬಿಯಿಂದ ವಿಭೂತಿ ತೆಗೆದು ಬಾನೆಟ್ಟಿನ ಮೇಲೆ ಮೂರು ಬೆರಳು ಎಳೆದರು. ಆಮೇಲೆ ಮಗನ ಮುಖ ನೋಡದೆ ಕೇಳಿದರು, "ಮನೀತನಕ ನಾನ ತರ್ಲೇನು?"

"ಅಪ್ಪಾ, ಡಾಕ್ಟರು ಏನ್ ಹೇಳಿದ್ರು?" ಎಂದರು ನಮ್ಮವರು.

ಮಾವನವರು ಎಡಗಡೆಯ ಸೀಟಿಗೆ ಹತ್ತಿ ಕೂತು, ಮುಂದಿದ್ದ ಕಬ್ಬಿಣದ ಹಿಡಿಯನ್ನು ಬಲಗೈಯಿಂದ ಹಿಡಿದುಕೊಂಡರು. ದಾರಿಯುದ್ದಕ್ಕೂ ಪ್ರತಿ ತಿರುವಿನಲ್ಲೂ ಆ ಕೈ ಹಿಡಿಯನ್ನು ತಿರುಗಿಸುತ್ತಿದ್ದದ್ದು ಹಿಂದೆ ಕೂತಿದ್ದ ನನಗೆ ಕಾಣುತ್ತಿತ್ತು. ಈ ಮನುಷ್ಯನಿಗೆ ಇನ್ನೊಂದು ಸಲ ಸ್ಟೇರಿಂಗ್ ಹಿಡಿಯುವುದು ಬಿಟ್ಟರೆ ಬೇರೇನೂ ಬೇಡವಾಗಿತ್ತು. ಅದು ನನಗೂ ಗೊತ್ತಿತ್ತು, ನಮ್ಮವರಿಗೂ ಗೊತ್ತಿತ್ತು. ಗೊತ್ತಿದ್ದೂ ಇಬ್ಬರೂ ಟೊಮೇಟೊ ರೇಟಿನ ವಿಚಾರ ಮಾತಾಡಿಕೊಂಡು ಬಂದೆವು.

ದೋಣಿಯನ್ನು ಕೆರೆಗೆ ಇಳಿಸುವ ಮೊದಲು ಸೋರುತ್ತದೋ ಇಲ್ಲವೋ ನೋಡಬೇಕಿತ್ತು. ದೋಣಿ ಮಾಡುವವರು ಅದನ್ನು ನೀರಿಗೆ ಬಿಟ್ಟು ನೋಡುತ್ತಾರೆ. ನಮ್ಮವರು ಟ್ಯಾಂಕಿನವರು. ಟ್ಯಾಂಕಿನವರಿಗೆ ಪರೀಕ್ಷೆ ಅಂದರೆ ಒಂದೇ, ತುಂಬ ನೀರು ತುಂಬಿಸಿ ತಳ ಒದ್ದೆಯಾಗುತ್ತದೋ ನೋಡುವುದು. ಅವರು ಶೆಡ್ಡಿನ ಅಂಗಳದಲ್ಲಿ, ದೋಣಿ ಟ್ರೇಲರಿನ ಮೇಲೆ, ಟ್ರೇಲರು ಜೀಪಿಗೆ ಕಟ್ಟಿ ಇರುವಾಗಲೇ, ಪೈಪು ಹಚ್ಚಿ ದೋಣಿಯೊಳಗೆ ನೀರು ಬಿಟ್ಟರು. "ಒಳಗಿನ ನೀರು ಹೊರಗೆ ಹೋಗದಿದ್ದರೆ ಹೊರಗಿನ ನೀರು ಒಳಗೆ ಹೇಗೆ ಬರುತ್ತೆ?" ಎಂದು ನನಗೆ ಪಾಠ ಬೇರೆ. ಬುತ್ತಿ ಕೊಡಲು ಹೋಗಿದ್ದ ನಾನು ಹೌದಲ್ಲ ಅಂದುಕೊಂಡೆ. ಮಾವನವರು ಜೀಪಿನ ಹಿಂದಿನ ಸೀಟಿನಲ್ಲಿ ಪೇಪರ್ ಓದುತ್ತಿದ್ದರು.

ನೀರು ತುಂಬುತ್ತ ತುಂಬುತ್ತ ದೋಣಿ ಹಿಂಭಾಗದ ಕಡೆ ಜಗ್ಗಿತು. ಟ್ರೇಲರಿನ ಮೂತಿ ಮೇಲೆದ್ದಿತು. ಅದರ ಕೊಂಡಿಗೆ ಸಿಕ್ಕಿದ್ದ ಜೀಪಿನ ಹಿಂಭಾಗ, ಮಾವನವರನ್ನೂ ಪೇಪರನ್ನೂ ಹೊತ್ತುಕೊಂಡು, ನಿಧಾನಕ್ಕೆ ನೆಲ ಬಿಟ್ಟು ಏರಿತು. ಕೂಗಿ ಎಚ್ಚರಿಸೋಣವೆಂದರೆ ಮಾವನವರನ್ನು ನಾನು ಏನೆಂದು ಕೂಗುವುದು? ಮಾವನವರು ಪೇಪರ್ ಮಡಚಿ ಜೀಪನ್ನು ಕೇಳಿದರು, "ಎಲ್ಲಿಗೆ ಹೊಂಟಿ?"

ನಮ್ಮವರು ಓಡಿಹೋಗಿ ದೋಣಿಯ ತಳದ ನಲ್ಲಿ ತಿರುಗಿಸಿದರು. ಹೌದು, ದೋಣಿಗೆ ನಲ್ಲಿ ಇಟ್ಟಿದ್ದರು. ಟ್ಯಾಂಕಿಗೆ ನಲ್ಲಿ ಇಲ್ಲದೆ ಹೇಗೆ? ನೀರು ಇಳಿದ ಹಾಗೆ ಜೀಪೂ ಇಳಿಯಿತು. ಸೋರಲಿಲ್ಲ ಎಂದು ನಮ್ಮವರಿಗೆ ಖುಷಿಯೋ ಖುಷಿ. ಮನೆಗೆ ಬಂದ ಮೇಲೆ ಮಾವನವರು ಗಡಿಯಾರದ ಹತ್ತಿರ ಹೋಗಿ, "ನನ್ನ ಮಗ ದೋಣಿಗೆ ನಳ ಇಟ್ಟಾನ, ಇನ್ನ ಮುಚ್ಚಳಾನೂ ಇಡ್ತಾನ" ಎಂದರು. ನಾನು ಅಡುಗೆಮನೆಯಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ. ನಾನು ನಕ್ಕದ್ದು ಅವರಿಗೆ ಕೇಳಿಸಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಮೊದಲ ಸಲ ವರ್ತೂರಿಗೆ ಹೊರಟಾಗ ನಮ್ಮವರೇ ಓಡಿಸಿದರು. ಮುಂದಕ್ಕೆ ಹೋಗುವುದು ಯಾರಿಗಾದರೂ ಬರುತ್ತದೆ. ಹಿಂದೆ ಟ್ರೇಲರ್ ಕಟ್ಟಿಕೊಂಡು ರಿವರ್ಸ್ ಹೋಗುವುದೇ ಬೇರೆ. ಹೂಡಿಯಲ್ಲಿ ದಾರಿ ತಪ್ಪಿ ಗಾಡಿ ತಿರುಗಿಸಬೇಕಾಯಿತು. ನಮ್ಮವರು ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ದೋಣಿ ಬಲಕ್ಕೆ ಹೊರಟಿತು, ಬಲಕ್ಕೆ ತಿರುಗಿಸಿದರೆ ಎಡಕ್ಕೆ ಹೊರಟಿತು. ಕೊನೆಗೆ ರಸ್ತೆ ಬದಿಯ ಹೋಟೆಲಿನೊಳಗೆ ಹಿಂಬದಿ ತೂರಿಸಿತು. ಹೋಟೆಲಿನವರು ಲೋಟ ಹಿಡಿದುಕೊಂಡೇ ಹೊರಗೆ ಬಂದು, "ಸಾರ್, ಎತ್ಲಾಗ್ ತಿರುಗಿಸ್ತಿದೀರ? ನಿಮ್ ದೋಣಿ ಟೀ ಕುಡಿಯಕ್ಕೆ ಬತ್ತಾ ಐತೆ!" ಎಂದು ಕೂಗಿದರು. ಬೆಂಚು ಮಗುಚಿ ಬಿತ್ತು, ಅಷ್ಟೇ. ಯಾರಿಗೂ ಏನೂ ಆಗಲಿಲ್ಲ. ಜನ ಸೇರಿ ಒಬ್ಬೊಬ್ಬರು ಒಂದೊಂದು ಕಡೆಗೆ ಕೈ ತೋರಿಸತೊಡಗಿದರು.

ನಾನು ಹುಟ್ಟಿ ಬೆಳೆದದ್ದು ಮೆಣಸಿನಕಾಯಿ ಹೊಲದ ಮನೆಯಲ್ಲಿ. ಅಪ್ಪನ ಟ್ರ್ಯಾಕ್ಟರಿನ ಹಿಂದೆ ಟ್ರೇಲರ್ ಕಟ್ಟಿಕೊಂಡು ಕಣದೊಳಗೆ ರಿವರ್ಸ್ ಹೋಗುವುದು ನನಗೆ ರಂಗೋಲಿಗಿಂತ ಮೊದಲು ಬಂದ ವಿದ್ಯೆ. ಮದುವೆಯಾದ ಮೇಲೆ ಅದನ್ನು ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಲೈಸೆನ್ಸು ಮಾತ್ರ ಟ್ರಂಕಿನಲ್ಲಿ ಸೀರೆಯ ಕೆಳಗೆ ಇಟ್ಟಿದ್ದು ಬೆಂಗಳೂರಿಗೆ ಬಂದ ಮೇಲೆ ಪರ್ಸಿಗೆ ಬಂದಿತ್ತು. ಆವತ್ತು ಹೂಡಿಯಲ್ಲಿ ನನಗೆ ತಡೆಯಲಾಗಲಿಲ್ಲ. ನಮ್ಮವರಿಗೆ, "ಇಳೀರಿ, ನಾ ತೆಗೀತೀನಿ" ಎಂದೆ. ಅವರು ತಮ್ಮ ಅಪ್ಪನ ಮುಖ ನೋಡಿದರು. ಮಾವನವರು ಆಕಾಶ ನೋಡುತ್ತ ಜೀಪಿಗೆ ಹೇಳಿದರು, "ಬಲ್ಲವರು ಯಾರಾರ ಹಿಡದರ ನಿನಗೂ ಛಲೋ."

ಮುಂದಕ್ಕೆ ಎಳೆದು ದೋಣಿಯನ್ನು ಹೋಟೆಲಿನಿಂದ ಬಿಡಿಸಿ, ಹಿಂದೆ ತಿರುಗಿ ನೋಡಿಕೊಂಡು ರಿವರ್ಸ್ ಹೋಗುವಾಗ ಸೆರಗು ತಲೆಯಿಂದ ಜಾರಿತು. ಎತ್ತಿ ಹೊದೆಯಲು ಕೈ ಬಿಡುವಿರಲಿಲ್ಲ. ಒಂದೇ ಏಟಿಗೆ ಗಾಡಿ ತಿರುಗಿಸಿ ದೋಣಿಯನ್ನು ನೆಟ್ಟಗೆ ನಿಲ್ಲಿಸಿದೆ. ಮಾವನವರು ಸೆರಗನ್ನು ನೋಡದ ಹಾಗೆ ಇನ್ನೊಂದು ಕಡೆಗೆ ಮುಖ ಮಾಡಿಕೊಂಡು, "ಭಪ್ಪರೇ ಮಗನ" ಎಂದು ಜೀಪಿನ ಬೆನ್ನು ತಟ್ಟಿದರು. ಜೀಪಿನದು. ನನಗೆ ಎಷ್ಟು ಸಿಟ್ಟು ಬಂತೆಂದರೆ ವರ್ತೂರು ಮುಟ್ಟುವವರೆಗೆ ಹಾರ್ನ್ ಹೊಡೆಯುತ್ತಲೇ ಹೋದೆ.

ಆವತ್ತಿನಿಂದ ನಾನೇ ಡ್ರೈವರು. ಭಾನುವಾರ ಬಂದರೆ ನಮ್ಮವರು ದೋಣಿಯ ಹಗ್ಗ ಸಡಿಲವಾಗದಂತೆ ನೋಡಿಕೊಳ್ಳಲು ಹಿಂದೆ, ಮಾವನವರು ನನ್ನ ಎಡಕ್ಕೆ. ಸೆರಗು ಮನೆಯ ಗೇಟು ದಾಟುವವರೆಗೆ ತಲೆಯ ಮೇಲೆ, ದಾಟಿದ ಮೇಲೆ ಸೊಂಟಕ್ಕೆ. ಇದನ್ನು ನಾವು ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ಎಂಜಿನ್ನಿನ, ಟ್ರೇಲರಿನ ಗದ್ದಲದಲ್ಲಿ ನಮ್ಮವರಿಗೆ ಹಿಂದೆ ಏನೂ ಕೇಳಿಸುತ್ತಿರಲಿಲ್ಲವಾದ್ದರಿಂದ ನಡುವಿನ ಕೆಲಸ ಪೂರ್ತಿ ಜೀಪಿನದ್ದಾಯಿತು.

"ಎದುರಿಗೆ ಲಾರಿ ಬರಾಕತ್ತೇತಿ, ಕಾಣಸ್ತೇತೋ ಇಲ್ಲೋ ನಿನಗ?" ಎಂದು ಮಾವನವರು ಜೀಪನ್ನು ಕೇಳುತ್ತಿದ್ದರು.

"ಕಾಣಸ್ತೇತಿ, ಕಣ್ಣು ನೆಟ್ಟಗ ಅದಾವು" ಎಂದು ಜೀಪಿನ ಪರವಾಗಿ ನಾನು ಜೀಪಿಗೇ ಹೇಳುತ್ತಿದ್ದೆ.

"ಕ್ಲಚ್ಚಿನ ಮ್ಯಾಲೆ ಕಾಲಿಟ್ಟು ಮಲಗಬಾರದು. ಬಸ್ಸಾಗಿದ್ದರ ಮೆಮೊ ಕೊಡ್ತಿದ್ದರು."

"ಬಸ್ಸಿನ್ಯಾಗ ದೋಣಿ ಎಳದವರು ಯಾರದಾರ?"

ಅವರ ಮೀಸೆ ಅಲುಗುತ್ತಿತ್ತು. ಹೆಬ್ಬಾಳದ ಏರನ್ನು ದೋಣಿ ಸಮೇತ ನಿಲ್ಲದೆ ಹತ್ತಿಸಿದ ದಿನ, "ಹತ್ತಿದೆಲ್ಲ, ಜಟ್ಟಿ" ಎಂದು ಮತ್ತೆ ಜೀಪಿಗೇ ಶಾಭಾಸ್‌ಗಿರಿ ಕೊಟ್ಟರು. ಗೇರು ಬದಲಿಸಿದ್ದು ನಾನು, ಹೆಸರು ಅದಕ್ಕೆ. ಆದರೂ ಸುಳ್ಳು ಏಕೆ ಹೇಳಲಿ, ವಾರವೆಲ್ಲ ನಾನು ಆ ಭಾನುವಾರಕ್ಕೇ ಕಾಯುತ್ತಿದ್ದೆ. ಹೆತ್ತ ಅಪ್ಪನ ಜೊತೆಗೂ ಅಷ್ಟು ಹರಟಿದವಳಲ್ಲ ನಾನು.

ವರ್ತೂರಿನಲ್ಲಿ ನಾವು ಜೀಪು ನಿಲ್ಲಿಸುತ್ತಿದ್ದದ್ದು ಒಬ್ಬ ಅಕ್ಕನ ಕೆರೆಯಂಚಿನ ಹೊಲದ ಬದುವಿನಲ್ಲಿ. ಅವರು ಎಮ್ಮೆಗೆ ಹುಲ್ಲು ಕೊಯ್ಯುತ್ತ ನಮ್ಮ ನಾಟಕವನ್ನೆಲ್ಲ ನೋಡುತ್ತಿದ್ದರು. ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು, "ಬೇಜಾರ್ ಮಾಡ್ಕಬ್ಯಾಡ ಕಣಮ್ಮ, ನಿಮ್ ಮಾವುಂಗೆ ಯಾವಾಗಿಂದ ಇಂಗೆ? ಗಾಡಿ ಜತೆ ಮಾತಾಡ್ತಾರಲ್ಲ" ಎಂದು ಕನಿಕರಿಸಿದರು. ನಾನು ನಮ್ಮ ಕಡೆಯ ಪದ್ಧತಿ ವಿವರಿಸಿದೆ. ಅವರು ಕುಡುಗೋಲು ಕೆಳಗಿಟ್ಟು ನನ್ನನ್ನೇ ನೋಡಿದರು. "ಅಂಗಾದ್ರೆ ಎಡವಟ್ಟು ಇಬ್ರಿಗೂ ಐತೆ ಅನ್ನು" ಎಂದು ನಕ್ಕು, ಮತ್ತೆ ಹುಲ್ಲಿಗೆ ಬಗ್ಗಿದರು.

ಬೇಸಿಗೆಯ ಒಂದು ಭಾನುವಾರ. ಕೆರೆಯ ನೀರು ಹಿಂದಕ್ಕೆ ಸರಿದು, ಅಂಚಿನಲ್ಲಿ ಅಗಲವಾದ ಬಯಲು ತೆರೆದಿತ್ತು. ಮಣ್ಣು ಒಣಗಿ ಗಟ್ಟಿಯಾಗಿತ್ತು, ಒಂದು ದನವೂ ಇರಲಿಲ್ಲ. ಗುತ್ತಿಗೆಯವರು ಆವತ್ತು ದೋಣಿ ಹತ್ತಿ ನೋಡಿ ಆಮೇಲೆ ಮಾತಾಡುವುದಾಗಿ ಹೇಳಿದ್ದರು. ದೋಣಿ ಇಳಿಸಿ, ಟ್ರೇಲರನ್ನು ಬಿಚ್ಚಿ ನೀರಿನ ಪಕ್ಕ ಬಿಟ್ಟು, ಜೀಪನ್ನು ಜಾಲಿ ಮರದ ನೆರಳಿಗೆ ತಂದೆ. ನಮ್ಮವರು ಅವರನ್ನು ಕೂರಿಸಿಕೊಂಡು ಜೊಂಡಿನ ಆಚೆ ಹುಟ್ಟು ಹಾಕುತ್ತ ಹೋದರು. ಜೀಪಿನಲ್ಲಿ ಮಾವನವರು, ನಾನು. ಎಂಜಿನ್ ನಿಂತಿತ್ತು.

"ಯಾಕ, ನಾ ಹೋಗೂದ್ರೊಳಗ ಒಮ್ಮೆ ನನ್ನ ಕೈಗೆ ಸಿಗ್ತೀಯೋ ಇಲ್ಲೋ ನೀ?" ಎಂದರು ಮಾವನವರು.

ಜೀಪಿಗೇ ಹೇಳಿದರು. ಆದರೆ ಇಷ್ಟು ಬಿಚ್ಚಿ ಅವರು ಯಾವತ್ತೂ ಹೇಳಿರಲಿಲ್ಲ. ನಾನು ಜೀಪಿಗೇ ಉತ್ತರ ಕೊಟ್ಟೆ, "ಡಾಕ್ಟರು ಬ್ಯಾಡ ಅಂದಾರ. ಮಗನೂ ಬ್ಯಾಡ ಅಂದಾರ."

"ನಾ ಅವರನ್ನ ಕೇಳ್ಲಿಲ್ಲ" ಎಂದರು. "ನಿನ್ನ ಕೇಳಿದ್ನಿ."

ನನಗೆ ಎಲ್ಲರ ಮೇಲೂ ಸಿಟ್ಟು ಬಂತು. ಡಾಕ್ಟರ ಮೇಲೆ, ನಮ್ಮವರ ಮೇಲೆ, ಆ ಮಡಚದ ಬೆರಳುಗಳ ಮೇಲೆ. ಎದುರಿಗೆ ಬರೀ ಬಯಲು. ಯಾರನ್ನು ಗುದ್ದುತ್ತಾರೆ ಇವರು ಇಲ್ಲಿ? ನಾನು ಕೆಳಗಿಳಿದು, ಮುಂದಿನಿಂದ ಬಳಸಿ ಎಡಗಡೆಗೆ ಹೋಗಿ ನಿಂತೆ. ಬಲಗಡೆಯ ಸೀಟು ಖಾಲಿಯಾಯಿತು. ಮಾವನವರು ಅಲುಗಲಿಲ್ಲ. "ಆ ಕಡೆ ಸರಿಬೇಕಂತ ಹೇಳು" ಎಂದು ಜೀಪಿಗೆ ಹೇಳಿದೆ.

ಅವರು ಸರಿದರು, ನಾನು ಎಡಗಡೆ ಹತ್ತಿ ಕೂತೆ. ಮಾವನವರು ಧೋತರದ ಚುಂಗನ್ನು ಸಿಕ್ಕಿಸಿಕೊಂಡು, ಸ್ಟೇರಿಂಗನ್ನು ಮುಟ್ಟುವ ಮೊದಲು ಬಲಗೈಯನ್ನು ಎದೆಯ ಮೇಲಿನ ಲಿಂಗಕ್ಕೆ ಮುಟ್ಟಿಸಿಕೊಂಡರು. ಎಂಜಿನ್ ಶುರುವಾಯಿತು. ಕ್ಲಚ್ಚು ಒತ್ತಿದರು, ಕಾಲಿಗೆ ಏನೂ ಮರೆತಿರಲಿಲ್ಲ. ಎಡಗೈಯನ್ನು ಗೇರಿನ ಮೇಲಿಟ್ಟರು. ಬೆರಳು ಜಾರಿ ಬಿದ್ದವು. ಮತ್ತೆ ಇಟ್ಟರು, ಮತ್ತೆ ಜಾರಿದವು. ಅವರ ಮುಖ ನೋಡದೆ ನಾನು ಕಾದೆ. ಆ ಕೈ ಅಲ್ಲಿರುವಾಗ ನನ್ನ ಕೈ ಹೋಗುವ ಹಾಗಿರಲಿಲ್ಲ. ಕೊನೆಗೆ ಅವರು ಆ ಕೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು. ನಾನು ಗೇರಿನ ಗುಂಡು ಹಿಡಿದೆ.

"ಮೊದಲನೇದು ಬೀಳ್ಲಿ ನೋಡೂಣು" ಎಂದು ಜೀಪಿಗೆ ಹೇಳಿದರು. ಹಾಕಿದೆ. ಜೀಪು ನೆರಳಿನಿಂದ ಬಿಸಿಲಿಗೆ ಬಂತು. "ಇನ್ನ ಎರಡನೇದು ಬಿದ್ದರ ಛಲೋ ಅಕ್ಕಿತ್ತು" ಎನ್ನುವಷ್ಟರಲ್ಲಿ ಅವರು ಕ್ಲಚ್ಚು ಬಿಟ್ಟಾಗಿತ್ತು. ಗೇರಿನ ಹಲ್ಲು ಕಡಿದು ಜೀಪು ಗಕ್ಕೆಂದು ನಿಂತಿತು. ಎರಡನೆಯ ಸಲವೂ ಹಾಗೇ. ಒಬ್ಬರ ಕಾಲು, ಇನ್ನೊಬ್ಬರ ಕೈ, ನಡುವೆ ಈ ಸುತ್ತು ಬಳಸಿನ ಮಾತು. ಮಾತು ಜೀಪನ್ನು ಮುಟ್ಟಿ ನನ್ನ ಹತ್ತಿರ ಬರುವಷ್ಟು ಪುರುಸೊತ್ತು ಯಾವ ಕ್ಲಚ್ಚಿಗೂ ಇರುವುದಿಲ್ಲ.

ಮೂರನೆಯ ಸಲ ಜೀಪು ಹೊರಟಿತು, ಎಂಜಿನ್ ಅರಚಿತು, ಅವರು ಕ್ಲಚ್ಚು ಒತ್ತಿದರು.

"ಹಾಕವ್ವಾ!"

"ಹಾಕಿದ್ನಿರಿ ಮಾವಾರ!"

ಹೂವಿನ ಹಾಗೆ ಬಿತ್ತು. ಜೀಪು ಎರಡನೆಯ ಗೇರಿನಲ್ಲಿ ಬಯಲಿನುದ್ದಕ್ಕೂ ಓಡಿತು. ಆ ಒಂದು ಕೈ ಸ್ಟೇರಿಂಗನ್ನು ಎಷ್ಟು ಹಗುರಾಗಿ ಹಿಡಿದಿತ್ತೆಂದರೆ, ಇಷ್ಟು ದಿನ ನಾನು ಓಡಿಸಿದ್ದು ಗಾಡಿಯ ಜೊತೆ ಕುಸ್ತಿ ಅನ್ನಿಸಿತು. ಬಯಲಿನ ತುದಿಗೆ ಹೋಗಿ ತಿರುಗಿಸಿದರು, ಮತ್ತೆ ನೀರಿನ ಕಡೆಗೆ ಬಂದರು. ಮಾವನವರ ಕಣ್ಣಿಂದ ನೀರು ಇಳಿದು ಮೀಸೆಗೆ ಬರುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಕೆರೆಯ ನಡುವೆ ನಮ್ಮವರು ದೋಣಿಯಲ್ಲಿ ಎದ್ದು ನಿಂತು "ಅಪ್ಪಾ! ಅಪ್ಪಾ!" ಎಂದು ಎರಡೂ ಕೈ ಬೀಸುತ್ತಿದ್ದರು. ದೋಣಿ ಹೊಯ್ದಾಡುತ್ತಿತ್ತು, ಗುತ್ತಿಗೆಯವರು ಅವರ ಅಂಗಿ ಹಿಡಿದು ಕೆಳಕ್ಕೆ ಎಳೆಯುತ್ತಿದ್ದರು. ಹುಲ್ಲಿನ ಹೊರೆ ಹೊತ್ತ ಅಕ್ಕ ಬದುವಿನ ಮೇಲೆ ನಿಂತು ನೋಡುತ್ತಿದ್ದರು.

ಮಾವನವರು ಇದ್ಯಾವುದನ್ನೂ ನೋಡಲಿಲ್ಲ. ನಾನು ಮದುವೆಯಾಗಿ ಬಂದ ಮೇಲೆ ಮೊದಲ ಸಲ ಮುಖವನ್ನು ಪೂರ್ತಿ ನನ್ನ ಕಡೆಗೆ ತಿರುಗಿಸಿ, ನನ್ನ ಕಣ್ಣು ನೋಡಿ, ಹಬ್ಬದ ದಿನ ಇನ್ನೊಂದು ಹೋಳಿಗೆ ಕೇಳುವವರ ಹಾಗೆ ಕೇಳಿದರು.

"ಮೂರನೇದು ಹಾಕ್ತೀಯೇನವ್ವಾ?"

"ಮೊದಲ ಮುಂದ ನೋಡ್ರಿ ಮಾವಾರ!" ಎಂದು ಗದರಿದೆ. ಅವರು ಮುಂದೆ ನೋಡಿದರು, ಕ್ಲಚ್ಚು ಒತ್ತಿದರು, ನಾನು ಹಾಕಿದೆ.